ಮುಚ್ಚಿದರೆ ಮರೆಯುವ ಬ್ರೌಸರ್

ನಾನು ರೇಣುಕಾದೇವಿ ಗಂಡ ತಿರುಪತಿ, ವಯಸ್ಸು 38 ವರ್ಷ, ಉದ್ಯೋಗ ಆನ್‌ಲೈನ್ ಸೇವಾ ಅಂಗಡಿ, ಸಾ: ಭೀಮರಾಯನಗುಡಿ, ತಾ: ಶಹಾಪುರ, ಜಿ: ಯಾದಗಿರಿ. ಹುಣಸಗಿಯ ಸಂಗಮನಾಥ ಅವರು ತಮ್ಮ ತಮ್ಮನ ಹೆಂಡತಿ ಭುವನೇಶ್ವರಿ ಕಾಣೆಯಾಗಿದ್ದಾಳೆ, ನಾನು ಅಂಗಡಿಯ ಕಂಪ್ಯೂಟರಿನಲ್ಲಿದ್ದ ಸುಳಿವು ಅಳಿಸಿದ್ದೇನೆ ಎಂದು ದೂರು ಕೊಟ್ಟಿರುವುದರಿಂದ ನನ್ನನ್ನು ಠಾಣೆಗೆ ಕರೆಸಿ ವಿಚಾರಿಸಲಾಗಿ, ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಅಂಗಡಿ ನೀರಾವರಿ ಕ್ಯಾಂಪಿನ ರಸ್ತೆಯಲ್ಲಿದೆ. ಎರಡು ಕಂಪ್ಯೂಟರ್ ಇವೆ. ಪಹಣಿ, ಬೆಳೆ ವಿಮೆ, ನೌಕರಿ ಅರ್ಜಿಗಳಿಗೆ ಜನ ಬರುತ್ತಾರೆ. ಹೆಚ್ಚಿನವರು ಪಾಸ್‌ವರ್ಡ್ ನೆನಪಿಡುವುದಿಲ್ಲ. ಗಿರಣಿಯಲ್ಲಿ ಹಿಟ್ಟಿನ ಡಬ್ಬಿ ಇಟ್ಟುಹೋದಂತೆ ನಮ್ಮ ಬ್ರೌಸರಿನಲ್ಲೇ ಇಟ್ಟುಹೋಗುತ್ತಾರೆ. ಹಳೆಯ ಯಂತ್ರಗಳಾದ್ದರಿಂದ ಆ ಬ್ರೌಸರ್ ದಿನಕ್ಕೆ ಹಲವು ಸಲ ತಾನಾಗಿ ಮುಚ್ಚಿಹೋಗುತ್ತಿತ್ತು. ತೆರೆದಾಗ ಹಿಂದಿನ ಪುಟಗಳನ್ನು ವಾಪಸ್ ತರಬೇಕೇ ಎಂದು ಕೇಳುತ್ತಿತ್ತು. ಅರ್ಧ ತುಂಬಿದ ಅರ್ಜಿ ಹಾಳಾಗಬಾರದೆಂದು ನನ್ನ ಗಂಡ ಅದನ್ನು ಓದದೆಯೇ ಹೌದು ಎಂದು ಒತ್ತುತ್ತಿದ್ದರು.

ದಿನಾಂಕ 16-06-2025ರಂದು ಬೆಳಿಗ್ಗೆ ಭುವನೇಶ್ವರಿ ನಮ್ಮ ಅಂಗಡಿಗೆ ಬಂದರು. ವಯಸ್ಸು 29, ಗಂಡ ತೀರಿ ನಾಲ್ಕು ವರ್ಷ, ಮಕ್ಕಳಿಲ್ಲ. ಬೇರೆ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮೇಲ್ವಿಚಾರಕಿ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಹುಣಸಗಿಯಲ್ಲೇ ಅಂಗಡಿಗಳಿರುವಾಗ ಸುರಪುರದಲ್ಲಿ ಬಸ್ ಬದಲಿಸಿ ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದೆ. "ಅಲ್ಲಿ ಅಂಗಡಿಯವರೆಲ್ಲಾ ನಮ್ಮ ಭಾವನ ದೋಸ್ತರ್ರಿ ಅಕ್ಕಾ, ನಾ ಮನಿ ಮುಟ್ಟೋದ್ರಾಗ ಸುದ್ದಿ ಮುಟ್ಟಿರ್ತದ" ಎಂದರು. ಅರ್ಜಿ ಹಾಕಿ ಮಧ್ಯಾಹ್ನದ ಬಸ್ಸಿಗೆ ಹೋದರು. ನಾನು ಊಟಕ್ಕೆ ಮನೆಗೆ ಹೋದೆ.

ಅದೇ ದಿನ ಸಂಗಮನಾಥ ಅವರು ಕಾಲುವೆ ನೀರಿನ ವಿಚಾರವಾಗಿ ಕ್ಯಾಂಪಿನ ಕಚೇರಿಗೆ ಬಂದವರು, ಬೆಳೆ ವಿಮೆಯ ರಸೀದಿ ತೆಗೆಸಲು ನಮ್ಮ ಅಂಗಡಿಗೇ ಬಂದರು. ಬ್ರೌಸರ್ ಮುಚ್ಚಿಹೋಯಿತು. ನನ್ನ ಗಂಡ ಎಂದಿನಂತೆ ಹೌದು ಎಂದು ಒತ್ತಿ, ಬೆಳಗಿನ ಪುಟಗಳು ವಾಪಸ್ ತೆರೆಯುತ್ತಿರುವಾಗಲೇ ಪ್ರಿಂಟರಿಗೆ ಕಾಗದ ತರಲು ಒಳಗೆ ಹೋದರು. ಅವರು ಹೊರಗೆ ಬಂದಾಗ ಸಂಗಮನಾಥ ಅವರು ರಸೀದಿ ತೆಗೆದುಕೊಳ್ಳದೆ ಹೋಗಿದ್ದರು.

ಭುವನೇಶ್ವರಿ ಸುರಪುರ ತಲುಪುವ ಮೊದಲೇ, 1 ಗಂಟೆ 20 ನಿಮಿಷಕ್ಕೆ, ತಮ್ಮ ಅರ್ಜಿಯನ್ನು ತಾವೇ ಹಿಂತೆಗೆದುಕೊಂಡಿರುವುದಾಗಿ ಅವರ ಮೊಬೈಲಿಗೆ ಸಂದೇಶ ಬಂದಿತ್ತು. ಮರುವಾರ ಬಂದು ಅದನ್ನು ತೋರಿಸಿದರು. ಅರ್ಜಿ ಹಾಕಿದ ದಿನವೇ ರಾತ್ರಿ ಊಟಕ್ಕೆ ಬಡಿಸುವಾಗ ಭಾವನವರು "ನಮ್ಮ ಎಮ್ಮಿ ಹಿಂಡೋದು ಬಿಟ್ಟು ಮಂದಿ ಮಕ್ಕಳನ್ನ ಕಾಯಾಕ ಹೊಂಟೀಯೇನು" ಎಂದು ಕೇಳಿದ್ದಾಗಿ ತಿಳಿಸಿದರು. ಕೊನೆಯ ದಿನಾಂಕ ಮುಗಿದಿತ್ತು. ಅವರು ಅಳಲಿಲ್ಲ. ನೀರು ಕೇಳಿ ಕುಡಿದು, ಮತ್ತೆ ಇಂಥ ಕೆಲಸಕ್ಕೆ ಕರೆದರೆ ಫೋನ್ ಮಾಡಿ ಎಂದು ನಂಬರ್ ಕೊಟ್ಟು ಹೋದರು.

ಆ ದಿನವೇ ಬ್ರೌಸರ್ ಬದಲಿಸಬೇಕೆಂದು ನಾನು ಗಂಡನಿಗೆ ಹೇಳಿದೆ. "ಊರ ಮಂದಿ ಪಾಸ್‌ವರ್ಡ್ ಅದರಾಗ ಆವ. ತಗದ್ರ ಅವರು ನಮ್ಮ ಅಂಗಡಿಗೆ ಯಾಕ ಬರ್ತಾರ" ಎಂದು ಅವರು ಒಪ್ಪಲಿಲ್ಲ. ಅದರಲ್ಲಿ ಇದ್ದದ್ದಕ್ಕೇ ಒಬ್ಬಳ ನೌಕರಿ ಹೋಯಿತು ಎಂದು ನಾನು ಹೇಳಿದೆ. ಎರಡು ದಿನ ನಾವು ಮಾತನಾಡಲಿಲ್ಲ. ಮೂರನೇ ದಿನ ಅವರೇ ಒಂದು ಯಂತ್ರವನ್ನು ಬೈಕಿಗೆ ಕಟ್ಟಿಕೊಂಡು ನನ್ನನ್ನು ಸುರಪುರದ ರಿಪೇರಿಯ ಬಾಷುಮಿಯಾ ಅವರಲ್ಲಿಗೆ ಕರೆದೊಯ್ದರು.

ಬಾಷುಮಿಯಾ ಅವರು "ಮರ್ಯೋದು ಬೇಕೋ, ಬೀಳದಂಗ ಓಡೋದು ಬೇಕೋ ಅಕ್ಕಾ" ಎಂದು ಕೇಳಿದರು. ಎರಡೂ ಬೇಕೆಂದೆ. "ಹಂಗಿದ್ದದ್ದು ಮನ್ಷ್ಯಾರಾಗೂ ಸಿಗಂಗಿಲ್ಲ" ಎಂದು ನಕ್ಕು ಮೂರು ಬ್ರೌಸರ್ ಹಾಕಿಕೊಟ್ಟರು. ಮೊದಲನೆಯದು ಜಾಹೀರಾತು, ಹಿಂಬಾಲಿಸುವ ಕುರುಹುಗಳನ್ನು ಚೆನ್ನಾಗಿ ತಡೆಯಿತು, ಆದರೆ ಪಹಣಿ ಮುದ್ರಿಸಿದರೆ ಅರ್ಧ ಹಾಳೆ ಖಾಲಿ ಬರುತ್ತಿತ್ತು. ಎರಡನೆಯದು ಎಲ್ಲವನ್ನೂ ಮುಚ್ಚಿಡುತ್ತಿತ್ತು. ಅದರಲ್ಲಿ ಪುಟ ತೆರೆಯುವುದೇ ನಿಧಾನವಾಗಿ ಓಟಿಪಿ ಅವಧಿ ಮುಗಿಯುತ್ತಿತ್ತು. ಮೂರನೆಯದು ಹಳೆಯ ಯಂತ್ರಕ್ಕೆ ಹಗುರ. ಮುಚ್ಚಿದೊಡನೆ ನೋಡಿದ ಪುಟ, ಪಾಸ್‌ವರ್ಡ್ ಎಲ್ಲ ಅಳಿಯುವಂತೆ, ಹಿಂದಿನ ಪುಟ ವಾಪಸ್ ತರದಂತೆ ಅದರ ಸೆಟ್ಟಿಂಗಿನಲ್ಲಿ ಗುರುತು ಹಾಕಿದೆವು. ಅರ್ಜಿ ತುಂಬುತ್ತಿರುವಾಗಲೇ ನಾನು ವೈರ್ ಕಿತ್ತು ನೋಡಿದೆ. ಮತ್ತೆ ತೆರೆದಾಗ ಏನೂ ಬರಲಿಲ್ಲ. ಒಂದು ವಾರ ಇಡೀ ದಿನ ತೆರೆದಿಟ್ಟು ನೋಡಿದೆವು, ತಾನಾಗಿ ಮುಚ್ಚಲಿಲ್ಲ. ಅದನ್ನೇ ಎರಡೂ ಯಂತ್ರಗಳಿಗೆ ಉಳಿಸಿಕೊಂಡೆವು. ಹಳೆಯದನ್ನು ದಿನಾಂಕ 07-07-2025ರಂದು, ಅದರಲ್ಲಿದ್ದ ಪಾಸ್‌ವರ್ಡ್‌ಗಳನ್ನು ಆಯಾ ಗಿರಾಕಿಗಳಿಗೆ ತಿಳಿಸಿದ ಮೇಲೆ, ತೆಗೆದುಹಾಕಿದೆವು. ಆಗ ಯಾವ ದೂರೂ ಇರಲಿಲ್ಲ.

ಕೆಲವು ಗಿರಾಕಿಗಳು ತಕರಾರು ಮಾಡಿದರು. ಅಂಬ್ರಪ್ಪ ಎಂಬ ಹಿರಿಯರು "ನಿನ್ನ ಕಂಪ್ಯೂಟರ್‌ಗೆ ಮರವು ಬಡದದೇನವ್ವಾ, ಹೋದ ತಿಂಗಳ ನನ್ನ ಗುರುತು ಹಿಡೀತಿತ್ತು" ಎಂದರು. ನಾಲ್ಕೈದು ಜನ ಬೇರೆ ಅಂಗಡಿಗೆ ಹೋದರು.

ಜುಲೈ ತಿಂಗಳಲ್ಲಿ ಇನ್ನೊಂದು ಶಾಲೆಯವರು ಇಂಥದೇ ಕೆಲಸಕ್ಕೆ ಕರೆದಿದ್ದನ್ನು ನೋಡಿ ನಾನು ಭುವನೇಶ್ವರಿಗೆ ಫೋನ್ ಮಾಡಿದೆ. ಅವರು ಬಂದು ಅರ್ಜಿ ಹಾಕಿದರು. ಮುಗಿದ ಮೇಲೆ ಬ್ರೌಸರನ್ನು ತಾವೇ ಮುಚ್ಚಿ, ಮತ್ತೆ ತೆರೆದು, ಖಾಲಿ ಪುಟ ನೋಡಿಕೊಂಡು ಎದ್ದರು. ಆಗಸ್ಟ್ 11ರಂದು ನೇಮಕದ ಆದೇಶವನ್ನು ನಮ್ಮಲ್ಲಿಯೇ ಮುದ್ರಿಸಿಕೊಂಡು ಹೋದರು.

ಆಗಸ್ಟ್ 18ರಂದು ಸಂಗಮನಾಥ ಅವರು ಅಂಗಡಿಗೆ ಬಂದು, ಭುವನೇಶ್ವರಿ ಮನೆಯಲ್ಲಿಲ್ಲ, ಅವಳು ಎಲ್ಲಿಗೆ ಅರ್ಜಿ ಹಾಕಿದ್ದಾಳೆ ತೆಗೆದು ತೋರಿಸಿ ಎಂದರು. ನನ್ನ ಗಂಡ ಎರಡೂ ಯಂತ್ರಗಳನ್ನು ಅವರ ಕಡೆ ತಿರುಗಿಸಿದರು. ಏನೂ ಇರಲಿಲ್ಲ. "ಮೊದ್ಲ ಎಲ್ಲಾ ತಾನೇ ಬರ್ತಿತ್ತಲ್ಲ" ಎಂದು ಅವರು ಕೇಳಿದರು. ಮೊದಲು ಏನು ಬಂದಿತ್ತು, ಯಾವತ್ತು ನೋಡಿದಿರಿ ಎಂದು ನನ್ನ ಗಂಡ ಕೇಳಿದ್ದಕ್ಕೆ ಅವರು ಪೊಲೀಸರ ಮುಂದೆ ಬಾಯಿ ಬಿಡ್ತೀರಿ ಎಂದು ಹೇಳಿ ಹೋದರು.

ಯಂತ್ರದಲ್ಲಿ ಇಲ್ಲವಾದರೆ ಆಕೆಯನ್ನು ಹುಡುಕುವುದು ಹೇಗೆ ಎಂದು ಸಾಹೇಬರು ಇಂದು ನನ್ನನ್ನು ಕೇಳಿದರು. ಯಂತ್ರ ಮರೆತಿದೆ, ನಾನು ಮರೆತಿಲ್ಲ ಎಂದು ಹೇಳಿ, ಠಾಣೆಯಿಂದಲೇ ಭುವನೇಶ್ವರಿಗೆ ಫೋನ್ ಹಚ್ಚಿ ಮಹಿಳಾ ಪೇದೆ ಅನುರಾಧಾ ಅವರ ಕೈಗೆ ಕೊಟ್ಟೆನು. ತಾನು ಸ್ವಂತ ಇಚ್ಛೆಯಿಂದ ಬಂದು ಕೆಲಸಕ್ಕೆ ಸೇರಿದ್ದೇನೆ, ಹಾಸಿಗೆಯ ಮೇಲೆ ಚೀಟಿ ಬರೆದಿಟ್ಟೇ ಬಂದಿದ್ದೇನೆ ಎಂದು ಅವರು ತಿಳಿಸಿದರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಸಂಗಮನಾಥ ಅವರಿಗೆ ಏನಾದರೂ ಹೇಳುವುದಿದೆಯೇ ಎಂದು ಅನುರಾಧಾ ಅವರು ಫೋನಿನಲ್ಲಿ ಕೇಳಿದರು. ಭುವನೇಶ್ವರಿ "ಕರಿ ಎಮ್ಮಿ ಎಡಕ ಕುಂತ್ರ ಹಾಲು ಕೊಡಂಗಿಲ್ಲ, ಬಲಕ ಕುಂದ್ರು ಅಂತ ಹೇಳ್ರಿ" ಎಂದು ಹೇಳಿದರು. ಅದನ್ನು ಅವರಿಗೆ ತಿಳಿಸಲಾಯಿತು.

ಭುವನೇಶ್ವರಿ ಇರುವ ಊರಿನ ಹೆಸರನ್ನು ಸಾಹೇಬರಿಗೆ ಬಾಯಿಂದ ತಿಳಿಸಿದ್ದೇನೆ. ಈ ಹೇಳಿಕೆಯನ್ನು ದೂರು ಕೊಟ್ಟವರೂ ಓದಬಹುದಾದ್ದರಿಂದ ಅದನ್ನು ಇಲ್ಲಿ ಬರೆಯಿಸಿರುವುದಿಲ್ಲ. ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದು, ನಾನು ಹೇಳಿದಂತೆಯೇ ಇದೆ, ಸತ್ಯವಿದೆ.

ಸ್ಥಳ: ಶಹಾಪುರ
ದಿನಾಂಕ: 21-08-2025
ಸಹಿ/- ರೇಣುಕಾದೇವಿ