ಸೊಸೆ ಆರಿಸಿದ ಓವನ್

ಒಂದೂರಿನಲ್ಲಿ ಒಬ್ಬ ಅತ್ತೆ ಇದ್ದಳಂತೆ, ಮದುವೆಯ ದಿನವೇ ಸೊಸೆಗೆ ಓವನ್ ಕೊಡಿಸುವ ಮಾತು ಕೊಟ್ಟಿದ್ದಳಂತೆ. ಐದು ವರ್ಷದ ಮೇಲೆ ಆ ಅತ್ತೆ ಸುಭದ್ರಾಬಾಯಿ, ಸೊಸೆ ಸೃಷ್ಟಿ ಆಳಂದದ ಅಂಗಡಿಗೆ ಬಂದರು. ಮಿಕ್ಸರ್ ರಿಪೇರಿಗೆ ಕಾದು ಕೂತಿದ್ದ ರಾಧಿಕಾಳ ಕಿವಿ ಅತ್ತಲೇ ಹೊರಳಿತು.

"ಅತ್ತಿ, ಇದು ದೊಡ್ಡದದ್ರಿ. ಎರಡು ಕೇಕ್ ಒಮ್ಮೆಗೇ ಆಗ್ತಾವ."

"ಛಲೋದು ನೋಡಿ ಆರಿಸು. ನನಗೇನು ತಿಳೀತದ."

"ಹಂಗಾರ ಇದೇ ಇರ್ಲಿರಿ. ಅಡಗಿ ಕಟ್ಟಿ ಮ್ಯಾಲ ಜಾಗಾ ಅಳದು ಬಂದೇನಿ."

"ಯಾರ ಕಟ್ಟಿ? ಇದು ನನ್ನ ಮಗಳ ಹೊಸ ಮನಿಗಿ, ತವರಿನಿಂದ ಕೊಡೋ ಆಹೇರಿ."

"ನನಗ ಮಾತು ಕೊಟ್ಟಿದ್ರಿ."

"ತೊಟ್ಟಿಲ ತೂಗದ ಮನ್ಯಾಗ ಕೇಕ್ ಯಾರಿಗಿ ಬೇ?"

ಸೃಷ್ಟಿ ಓವನ್ನಿನ ಬಾಗಿಲು ಮೆಲ್ಲಗೆ ಮುಚ್ಚಿದಳು.

"ಅಡ್ರೆಸ್ ನೀನೇ ಬರಿ. ನಿನ್ನ ಅಕ್ಷರ ಮುತ್ತಿನಂಗ ಅವ."

ನಾದಿನಿಯ ಅಫಜಲಪುರದ ವಿಳಾಸವನ್ನು ಸೊಸೆ ಗುಂಡಗೆ ಬರೆದುಕೊಟ್ಟಳು. ಓವನ್ ಗಾಡಿ ಏರಿತು. ಅತ್ತೆ ಮುಂದೆ, ಸೊಸೆ ಹಿಂದೆ, ಇಬ್ಬರೂ ಬಸ್ ನಿಲ್ದಾಣದತ್ತ ನಡೆದರು.