ವಿಮಾನದ ಏರ್ ಬಾಟಲ್ ಸಿಡಿದ ಸಂಗತಿ

ಹೆಸರು ರಂಜನಿ ಕೋಂ ವಾದಿರಾಜ, ವಯಸ್ಸು 37 ವರ್ಷ, ವೃತ್ತಿ ವಿಮಾನ ನಿರ್ವಹಣಾ ಇಂಜಿನಿಯರ್, ಬೆಂಗಳೂರಿನ ಒಂದು ಖಾಸಗಿ ವಿಮಾನ ತರಬೇತಿ ಸಂಸ್ಥೆಯಲ್ಲಿ ಕೆಲಸ, ವಾಸ ಬಟವಾಡಿ, ತುಮಕೂರು ನಗರ. ಈ ದಿನ ದಿನಾಂಕ 12-2-2003ರಂದು ಗುಬ್ಬಿ ಪೊಲೀಸ್ ಠಾಣೆಗೆ ನಾನಾಗಿಯೇ ಬಂದು, ಕಂಡಿದ್ದನ್ನೂ ಮಾಡಿದ್ದನ್ನೂ ಹೇಳಿ ಬರೆಸಿದ್ದು ಏನೆಂದರೆ:

ಕುಣಿಗಲ್ ಪಟ್ಟಣದ ವಾಸಿ ಯೋಗನರಸಿಂಹ ಎಂಬುವರು ನನಗೆ ಹದಿನೈದು ವರ್ಷಗಳಿಂದ ಪರಿಚಯ. ಈಗ ಅವರಿಗೆ 71 ವರ್ಷ. ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದವರು, ನಿವೃತ್ತರಾಗಿದ್ದಾರೆ. ನಾನು ಅವರನ್ನು ಸರ್ ಎಂದೇ ಕರೆಯುತ್ತೇನೆ. ಸರ್ ಅವರು 1989ರಲ್ಲಿ ಒಂದು ಫ್ಲೈಯಿಂಗ್ ಕ್ಲಬ್ಬಿನವರು ಹರಾಜು ಹಾಕಿದ ಹಳೆಯ ತರಬೇತಿ ವಿಮಾನವೊಂದನ್ನು ಕೊಂಡುಕೊಂಡರು. ಅದು 1947ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದದ್ದು, ಇಬ್ಬರು ಕೂರುವಂಥದ್ದು. ಕುಣಿಗಲ್‌ನಿಂದ ಹುಲಿಯೂರುದುರ್ಗದ ಕಡೆಗೆ ಐದು ಕಿ.ಮೀ. ದೂರದಲ್ಲಿರುವ ತಮ್ಮ ಜಮೀನಿನಲ್ಲಿ ತಗಡಿನ ಶೆಡ್ ಹಾಕಿಸಿ, ವಿಮಾನವನ್ನು ಅಲ್ಲಿಟ್ಟು ರಿಪೇರಿ ಮಾಡುತ್ತಾ ಬಂದರು. 1998ರಿಂದ ಪ್ರತಿ ಶನಿವಾರ ನಾನೂ ಹೋಗಿ ಕೆಲಸ ಮಾಡುತ್ತಿದ್ದೆ. ಇದಕ್ಕೆ ನಾನು ಸಂಬಳ ತೆಗೆದುಕೊಂಡಿಲ್ಲ. ಅಂಥ ವಿಮಾನದ ಮೇಲೆ ಕೈಯಿಡುವ ಅವಕಾಶ ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ವಿಮಾನದ ಇಂಜಿನ್ ಚಾಲೂ ಆಯಿತು. ಜನವರಿಯಲ್ಲಿ ಸರ್ ಅವರು ಬೆಂಗಳೂರಿಗೆ ಹೋಗಿ ವೈದ್ಯಕೀಯ ಪರೀಕ್ಷೆ ಮಾಡಿಸಿಕೊಂಡರು. ಆ ವಯಸ್ಸಿನಲ್ಲಿ ಪಾಸಾಗುತ್ತಾರೆಂದು ನಾನೂ ನಂಬಿರಲಿಲ್ಲ, ಪಾಸಾದರು. ಮಾರ್ಚಿನಲ್ಲಿ ಅಧಿಕಾರಿಗಳಿಂದ ತಪಾಸಣೆ ಮಾಡಿಸಿ, ಆಮೇಲೆ ಒಂದು ಸಲ ಹಾರಿಸಬೇಕೆಂಬುದು ಅವರ ಆಸೆಯಾಗಿತ್ತು.

ಈ ವಿಮಾನದ ಬ್ರೇಕುಗಳು ಮತ್ತು ಇಳಿಯುವಾಗ ವೇಗ ತಗ್ಗಿಸಲು ರೆಕ್ಕೆಯ ಹಿಂದೆ ಬಾಗುವ ಪಟ್ಟಿಗಳು ಒತ್ತಿ ತುಂಬಿದ ಗಾಳಿಯಿಂದ ಕೆಲಸ ಮಾಡುತ್ತವೆ. ಲಾರಿಯ ಏರ್ ಬ್ರೇಕಿನ ಹಾಗೆಯೇ, ಒತ್ತಡ ಮಾತ್ರ ಬಹಳ ಹೆಚ್ಚು. ಲಾರಿ ಟೈರಿನಲ್ಲಿರುವ ಒತ್ತಡಕ್ಕಿಂತ ನಾಲ್ಕು ಪಟ್ಟು ಮೇಲಿರುತ್ತದೆ. ಗಾಳಿಯನ್ನು ಹಿಡಿದಿಡಲು ಸೀಟಿನ ಹಿಂದೆ ಉಕ್ಕಿನ ಸಿಲಿಂಡರ್ ಇರುತ್ತದೆ. ನಮ್ಮ ಕೆಲಸದಲ್ಲಿ ಅದಕ್ಕೆ ಏರ್ ಬಾಟಲ್ ಎನ್ನುತ್ತೇವೆ. ನೋಡಲು ಮನೆಯ ಗ್ಯಾಸ್ ಸಿಲಿಂಡರಿಗಿಂತ ಚಿಕ್ಕದು, ತೂಕ ಹೆಚ್ಚು. ಗಾಳಿಯ ಜೊತೆ ತೇವವೂ ಒಳಗೆ ಹೋಗಿ ನೀರಾಗಿ ನಿಲ್ಲುತ್ತದೆ. ಆ ನೀರನ್ನು ಆಗಾಗ ತೆಗೆಯದಿದ್ದರೆ ಉಕ್ಕು ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಹೊರಗಡೆ ಬಣ್ಣ ಹೊಸದಾಗಿಯೇ ಕಾಣುತ್ತಿರುತ್ತದೆ.

ದಿನಾಂಕ 8-2-2003 ಶನಿವಾರದಂದು ಈ ಬಾಟಲನ್ನು ಪರೀಕ್ಷೆಗೆ ಕಳಿಸಲೆಂದು ನಾನು ಬಿಚ್ಚಿದೆ. ಅದಕ್ಕೆ ಮೊದಲು ಪೈಪುಗಳಲ್ಲಿದ್ದ ಗಾಳಿಯನ್ನು ಹೊರಬಿಟ್ಟಿದ್ದೆ, ಗೇಜಿನ ಮುಳ್ಳು ಸೊನ್ನೆಗೆ ಬಂದಿತ್ತು. ಬಾಟಲಿನ ಕತ್ತಿನ ನಟ್ಟನ್ನು ಒಂದು ಎಳೆ ಸಡಿಲಿಸಿದಾಗ ಒಳಗಿನಿಂದ ಸಿಳ್ಳೆಯಂಥ ಸದ್ದು ಬಂತು. ತಕ್ಷಣ ಬಿಗಿ ಮಾಡಿದೆ. ಬಾಯಿಯಲ್ಲಿದ್ದ ಹಿತ್ತಾಳೆಯ ವಾಲ್ವ್ ತುಕ್ಕಿನಿಂದ ಕಚ್ಚಿಕೊಂಡು, ಗಾಳಿ ಪೂರ್ತಿ ಒಳಗೇ ಉಳಿದಿತ್ತು. ಅದನ್ನು ಅಪಾಯವಿಲ್ಲದೆ ಬಿಡಿಸುವ ಉಪಕರಣ ಬೆಂಗಳೂರಿನ ನಮ್ಮ ಸಂಸ್ಥೆಯಲ್ಲಿತ್ತು. ಆದ್ದರಿಂದ ಬಾಟಲನ್ನು ಮರಳು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ, ಕತ್ತಿಗೆ ಕೆಂಪು ಬಟ್ಟೆ ಕಟ್ಟಿ, ರಟ್ಟಿನ ಮೇಲೆ “ಗಾಳಿ ತುಂಬಿದೆ, ಮುಟ್ಟಬೇಡಿ” ಎಂದು ಬರೆದು ಸಿಕ್ಕಿಸಿದೆ. ಶೆಡ್ಡಿಗೆ ಬೀಗ ಹಾಕಿ ಕೀಲಿಯನ್ನು ಸರ್ ಮನೆಯಲ್ಲಿ ಕೊಟ್ಟೆ.

ಅದನ್ನು ಅಲ್ಲೇ ಬಿಟ್ಟು ಹೋದದ್ದೇಕೆ ಎಂದು ತಾವು ಕೇಳಿದ್ದೀರಿ. ಅಂಥ ಸ್ಥಿತಿಯಲ್ಲಿದ್ದ ಬಾಟಲನ್ನು ವ್ಯಾನಿಗೆ ಹಾಕಿಕೊಂಡು ಜನ ಓಡಾಡುವ ರಸ್ತೆಯಲ್ಲಿ ಒಯ್ಯುವುದಕ್ಕಿಂತ, ಬೀಗ ಹಾಕಿದ ಶೆಡ್ಡಿನಲ್ಲಿ ಮರಳಿನೊಳಗೆ ಇಡುವುದು ಕ್ಷೇಮ ಎಂದು ತೀರ್ಮಾನಿಸಿದೆ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಭಾನುವಾರ ನಾನು ಉಪಕರಣ ತರಲು ಬೆಂಗಳೂರಿಗೆ ಹೋಗಿದ್ದೆ. ಸರ್ ಅವರು ತಮ್ಮ ಹಳೆಯ ಶಿಷ್ಯರೊಬ್ಬರ ಮದುವೆಗೆ ಕ್ಯಾತ್ಸಂದ್ರಕ್ಕೆ ಹೋಗಿದ್ದರು. ಅವರ ಹೆಂಡತಿ ಅಲಮೇಲಮ್ಮನವರು ಕಾಲು ನೋವೆಂದು ಮನೆಯಲ್ಲೇ ಉಳಿದಿದ್ದರು.

ಸೋಮವಾರ ದಿನಾಂಕ 10-2-2003ರ ಬೆಳಿಗ್ಗೆ 8-30ಕ್ಕೆ ನಾನೂ ಸರ್ ಅವರೂ ಶೆಡ್ಡಿಗೆ ಹೋದೆವು. ಬೀಗ ಸರಿಯಾಗಿಯೇ ಇತ್ತು. ಒಳಗೆ ನೋಡಿದರೆ ಮರಳಿನ ಡ್ರಮ್ ಖಾಲಿ. ಬಿಚ್ಚಿಟ್ಟಿದ್ದ ಬ್ರೇಕಿನ ಭಾಗಗಳೂ ತಾಮ್ರದ ಪೈಪುಗಳೂ ಇರಲಿಲ್ಲ. ಕೆಂಪು ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಸರ್ ಅವರು ವಿಮಾನದ ಸುತ್ತ ಒಂದು ಸಲ ಬಂದು, ರೆಕ್ಕೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. “ಹೋದ್ರೆ ಹೋಗ್ಲಿ ರಂಜನಿ, ಇನ್ನೊಂದು ವರ್ಷ ಹಿಡಿಯತ್ತೆ ಅಷ್ಟೆ” ಎಂದರು. ಸಾಮಾನು ಹೋದದ್ದು ಹಾಗಿರಲಿ, ತೆಗೆದುಕೊಂಡು ಹೋದವರು ಹಿತ್ತಾಳೆಯ ಆಸೆಗೆ ಆ ಬಾಟಲಿಗೆ ಬೆಂಕಿ ಹಿಡಿದರೆ ಸಾಯುತ್ತಾರೆ ಎಂದು ನಾನು ಹೇಳಿದೆ. ಆಗ ಅವರ ಮುಖ ಬದಲಾಯಿತು.

ಕುಣಿಗಲ್ ಪೊಲೀಸ್ ಠಾಣೆಯಲ್ಲಿ ಕಳವಿನ ದೂರು ಕೊಟ್ಟು, ಅಲ್ಲಿಂದ ಬಸ್ ಸ್ಟ್ಯಾಂಡಿನ ಹತ್ತಿರದ ಗುಜರಿ ಅಂಗಡಿಗಳಲ್ಲಿ ವಿಚಾರಿಸಿದೆವು. ಎರಡನೇ ಅಂಗಡಿಯವರು, ಟೆಂಪೋದಲ್ಲಿ ಗುಜರಿ ಎತ್ತುವ ಚಿಕ್ಕಬೋರಯ್ಯ ಎಂಬಾತ ಹಿಂದಿನ ಸಂಜೆ “ಇವತ್ತು ಇಮಾನದ ಸಾಮಾನು ಸಿಕ್ತು” ಎಂದು ಎಲ್ಲರಿಗೂ ತೋರಿಸಿಕೊಂಡು ಹೋದನೆಂದು ತಿಳಿಸಿದರು. ಅವರ ಮನೆ ಹುಡುಕಿಕೊಂಡು ಹೋದಾಗ ಸುಮಾರು 10 ಗಂಟೆ. ಚಿಕ್ಕಬೋರಯ್ಯ ಇರಲಿಲ್ಲ. ಅವರ ಹೆಂಡತಿ ರೇವಮ್ಮ ಬಾಗಿಲಲ್ಲೇ ಇದ್ದರು. ಕಳವು ಎಂಬ ಮಾತು ಕೇಳಿದ್ದೇ ಆಕೆ ಗಾಬರಿಯಾಗಿ, “ಅಯ್ಯೋ ಸಾಮಿ, ನಮ್ಮೆಜಮಾನ್ರು ಕದಿಯೋ ಪೈಕಿ ಅಲ್ಲ. ನಿಮ್ಮನೆ ಅಮ್ಮಾವ್ರೇ ಕರ್ದು, ಟೆಂಪೋದಲ್ಲೇ ಶೆಡ್ಡಿಗೆ ಬಂದು, ಬೀಗ ತೆಗ್ದು, ಇವೆಲ್ಲ ಎತ್ಕೊಂಡೋಗಪ್ಪ ಅಂದ್ರಂತೆ. ಕಾಸೂ ಬ್ಯಾಡ ಅಂದ್ರಂತೆ. ಬೇಕಾರೆ ಅವ್ರನ್ನೇ ಕೇಳಿ” ಎಂದರು.

ಚಿಕ್ಕಬೋರಯ್ಯ ಎಲ್ಲಿಗೆ ಹೋಗಿದ್ದಾರೆಂದು ನಾನು ಕೇಳಿದೆ. ಗುಬ್ಬಿಯಲ್ಲಿ ತಿಮ್ಮೇಶ್ ಎಂಬುವರ ಗುಜರಿ ಯಾರ್ಡಿಗೆ ಲೋಡು ತೆಗೆದುಕೊಂಡು ಬೆಳಿಗ್ಗೆಯೇ ಹೊರಟರೆಂದೂ, ಯಾರ್ಡಿಗೆ ಫೋನ್ ಇಲ್ಲವೆಂದೂ ಗೊತ್ತಾಯಿತು.

ಸರ್ ಅವರ ಮಾರುತಿ ವ್ಯಾನಿನಲ್ಲಿ ತುಮಕೂರಿನ ಮೇಲೆ ಗುಬ್ಬಿಗೆ ಹೊರಟೆವು. ಅವರೇ ಓಡಿಸುತ್ತಿದ್ದರು. ಹೆಬ್ಬೂರು ದಾಟಿದ ಮೇಲೆ ರಸ್ತೆ ನೋಡಿಕೊಂಡೇ, “ಹದಿನಾಲ್ಕು ವರ್ಷದಿಂದ ಈ ಏರೋಪ್ಲೇನ್ ಜೋಡಿಸ್ತಿದೀನಿ. ನಟ್ಟು ಬೋಲ್ಟು ಎಲ್ಲಾನೂ ಯಾರ್ಯಾರನ್ನೋ ಕೇಳಿದೀನಿ. ಅವಳನ್ನ ಒಂದ್ಸಲಾನೂ ಕೇಳಲಿಲ್ವಲ್ಲಮ್ಮ” ಎಂದರು. ಸ್ವಲ್ಪ ಬೇಗ ಓಡಿಸಿ ಸರ್ ಎಂದಷ್ಟೇ ಹೇಳಿದೆ.

ಗುಬ್ಬಿ ತಲುಪಿದಾಗ 11-30 ದಾಟಿತ್ತು. ಯಾರ್ಡ್ ಊರ ಹೊರಗಿದೆ. ಮುಂದೆ ಕಲ್ಲಿನ ಕಾಂಪೌಂಡು, ಒಳಗೆ ತಗಡಿನ ಚಪ್ಪರ. ಗೇಟಿನಿಂದ ನೋಡಿದಾಗ ತಿಮ್ಮೇಶ್ ಎಂದು ನಂತರ ಗೊತ್ತಾದ ವ್ಯಕ್ತಿ ಕಪ್ಪು ಕನ್ನಡಕ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಗ್ಯಾಸ್ ಕಟ್ಟರ್ ಇತ್ತು. ಜ್ವಾಲೆ ನಮ್ಮ ಏರ್ ಬಾಟಲಿನ ಕತ್ತಿನ ಮೇಲಿತ್ತು. ವಾಲ್ವನ್ನು ಬಿಸಿ ಮಾಡಿ ಬಿಡಿಸಲು ನೋಡುತ್ತಿದ್ದರು. ಪಕ್ಕದಲ್ಲಿ ಚಿಕ್ಕಬೋರಯ್ಯ ಬೀಡಿ ಸೇದುತ್ತಾ ನಿಂತಿದ್ದರು. ನಾನು ಕೂಗಿದೆ. ಕಟ್ಟರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

ಸರ್ ಅವರು ನನಗಿಂತ ಮೊದಲು ಒಳಗೆ ಓಡಿದರು. ನೇರವಾಗಿ ಗ್ಯಾಸ್ ಸಿಲಿಂಡರುಗಳು ನಿಂತಿದ್ದ ಮೂಲೆಗೆ ಹೋಗಿ ಎರಡರ ವಾಲ್ವನ್ನೂ ತಿರುಗಿಸಿ ಬಂದ್ ಮಾಡಿದರು. ಜ್ವಾಲೆ ಆರಿತು. ತಿಮ್ಮೇಶ್ ಕನ್ನಡಕ ಮೇಲೆತ್ತಿ, “ಯಾವನ್ಲಾ ಅವ್ನು ಗ್ಯಾಸ್ ಆಫ್ ಮಾಡಿದ್ದು?” ಎಂದು ಎದ್ದು ನಿಂತರು. ಅದರೊಳಗೆ ಗಾಳಿ ತುಂಬಿದೆ, ಬಿಸಿಯಾಗಿದೆ, ಯಾವ ಕ್ಷಣದಲ್ಲಾದರೂ ಸಿಡಿಯುತ್ತದೆ, ಎಲ್ಲರೂ ಕಾಂಪೌಂಡಿನ ಆಚೆ ಹೋಗಿ ಎಂದು ನಾನು ಕೂಗಿ ಹೇಳಿದೆ. ಚಿಕ್ಕಬೋರಯ್ಯ “ಅಯ್ಯೋ, ನೆನ್ನೆಯಿಂದ ಕಾಲಡೀಲಿ ಇಕ್ಕಂಡು ಬಂದಿವ್ನಿ ಕಣಮ್ಮೋ” ಎನ್ನುತ್ತಲೇ ಗೇಟಿನ ಕಡೆ ಓಡಿದರು. ತಿಮ್ಮೇಶ್ ನನ್ನ ಮುಖ ನೋಡಿ, ಕಟ್ಟರನ್ನು ಕೆಳಗೆ ಹಾಕಿ ಹೊರಗೆ ಬಂದರು.

ಹೊರಗೆ ಬಂದ ಮೇಲೆ ತಿಮ್ಮೇಶ್ ತಲೆ ಹಿಡಿದುಕೊಂಡು, “ಗಿರಿಯಮ್ಮ! ಗಿರಿಯಮ್ಮ ಹಿಂದ್ಗಡೆ ಅವಳೆ ಕಣ್ರೀ” ಎಂದರು. ಚಪ್ಪರದ ಹಿಂದೆ ಪ್ಲಾಸ್ಟಿಕ್ ಆರಿಸುವ ಹೆಂಗಸೊಬ್ಬರು ಇದ್ದಾರೆಂದು ನಮಗೆ ಆಗಲೇ ಗೊತ್ತಾದದ್ದು. ಅವರನ್ನು ಕರೆತರಲು ಬಾಟಲ್ ಬಿದ್ದಿದ್ದ ಜಾಗದ ಪಕ್ಕದಲ್ಲೇ ಹಾದು ಹೋಗಬೇಕಿತ್ತು. ಬೇಡ ಸರ್, ಇಲ್ಲಿಂದಲೇ ಕೂಗೋಣ ಎಂದು ನಾನು ಹೇಳುವಷ್ಟರಲ್ಲಿ ಅವರು ಹೋಗಿ ಆಗಿತ್ತು. ನಾನು ಅವರ ಹಿಂದೆ ಹೋಗಲಿಲ್ಲ. ಗೇಟಿನಲ್ಲೇ ನಿಂತಿದ್ದೆ.

ಅವರು ಗಿರಿಯಮ್ಮನವರ ರಟ್ಟೆ ಹಿಡಿದು ಚಪ್ಪರದ ಮೂಲೆ ತಿರುಗಿಸಿಕೊಂಡು ಬರುತ್ತಿರುವುದು ಕಾಣಿಸಿತು. ಆಕೆ ಯಾರೋ ಎಳೆದುಕೊಂಡು ಹೋಗುತ್ತಿದ್ದಾರೆಂದು ಬಯ್ಯುತ್ತಿದ್ದರು. ಅಲ್ಲಿ ಹಳೆಯ ಲಾರಿ ಬಾಡಿಯೊಂದು ಅಡ್ಡ ನಿಂತಿತ್ತು. ಅವರು ಅದರ ಮರೆಗೆ ಬಂದಾಗ ಬಾಟಲ್ ಸಿಡಿಯಿತು. ಚಪ್ಪರದ ತಗಡುಗಳು ಮೇಲಕ್ಕೆ ಹೋಗಿ ರಸ್ತೆಯಾಚೆ ಬಿದ್ದವು. ಧೂಳು ಇಳಿದ ಮೇಲೆ ನೋಡಿದರೆ ಗಿರಿಯಮ್ಮ ನೆಲದ ಮೇಲೆ ಕೂತು ಅಳುತ್ತಿದ್ದರು, ಕೈಗೆ ತರಚು ಗಾಯ ಮಾತ್ರ. ಸರ್ ಅವರು ಆಕೆಯನ್ನು ಒಳಬದಿಗೆ ತಳ್ಳಿ ತಾವು ಹೊರಬದಿಯಲ್ಲಿದ್ದರು. ಅವರ ಎಡ ತೊಡೆಗೆ ಉಕ್ಕಿನ ಚೂರು ಹೊಕ್ಕಿತ್ತು, ಎರಡು ಕಿವಿಯಿಂದಲೂ ರಕ್ತ ಬರುತ್ತಿತ್ತು. ನನ್ನನ್ನು ನೋಡಿ ಏನೋ ಕೇಳಿದರು. ನಾನು ಉತ್ತರ ಹೇಳಿದೆ. ಅವರು ಮತ್ತೆ ಅದನ್ನೇ ಕೇಳಿದರು. ಆ ಹೆಂಗಸಿಗೆ ಏನಾಯಿತು ಎಂದು ಕೇಳುತ್ತಿದ್ದರು. ನಾನು ಗಿರಿಯಮ್ಮನವರನ್ನು ಎಬ್ಬಿಸಿ ಅವರ ಮುಂದೆ ನಿಲ್ಲಿಸಿದೆ.

ತಿಮ್ಮೇಶ್ ಮತ್ತು ಚಿಕ್ಕಬೋರಯ್ಯ ಸೇರಿ ಅವರನ್ನು ಟೆಂಪೋಗೆ ಎತ್ತಿ ಹಾಕಿದರು. ಗುಬ್ಬಿ ಆಸ್ಪತ್ರೆಯಲ್ಲಿ ರಕ್ತ ನಿಲ್ಲಿಸಿ, ಅಲ್ಲಿಂದ ತುಮಕೂರಿಗೆ ಕಳಿಸಿದರು. ಕಾಲು ಉಳಿಯುತ್ತದೆ, ಬಲಗಿವಿ ಸ್ವಲ್ಪ ಬರಬಹುದು, ಎಡಗಿವಿ ಬರುವುದಿಲ್ಲ ಎಂದು ವೈದ್ಯರು ತಿಳಿಸಿದರು. ಇನ್ನು ಮೇಲೆ ವಿಮಾನ ಹಾರಿಸಲು ಅವರಿಗೆ ಅನುಮತಿ ಸಿಗಲಾರದು ಎಂದು ನನಗೆ ಆಗಲೇ ಅರ್ಥವಾಯಿತು.

ಅಲಮೇಲಮ್ಮನವರು ಬಸ್ಸಿನಲ್ಲಿ ಬಂದು ಸಂಜೆ ಆಸ್ಪತ್ರೆ ತಲುಪಿದರು. ಸರ್ ಅವರಿಗೆ ನಿದ್ರೆಯ ಇಂಜೆಕ್ಷನ್ ಕೊಟ್ಟಿದ್ದರು. ಆಕೆ ವರಾಂಡದ ಬೆಂಚಿನ ಮೇಲೆ ನನ್ನ ಪಕ್ಕ ಕೂತು, ನಾನು ಕೇಳದೆಯೇ ಹೇಳಿದರು. “ಡಾಕ್ಟ್ರು ಆಗಲ್ಲ ಅಂತಾರೆ ಅಂತ ಕಾಯ್ತಿದ್ದೆ ಕಣಮ್ಮ. ಅವರೂ ಹೂಂ ಅಂದ್ಬಿಟ್ರು. ಬ್ರೇಕ್ ಇಲ್ಲದೆ ಅದು ಹೊರಡಲ್ಲ ಅಂತ ನೀವಿಬ್ರೂ ಮಾತಾಡೋದನ್ನ ಕೇಳಿಸ್ಕೊಂಡಿದ್ದೆ. ಅದಕ್ಕೇ ಅಷ್ಟನ್ನೇ ತೆಗೆಸ್ದೆ” ಎಂದರು. ನಾನು ಬರೆದು ಸಿಕ್ಕಿಸಿದ್ದ ರಟ್ಟನ್ನು ನೋಡಲಿಲ್ಲವೇ ಎಂದು ಕೇಳಿದೆ. “ನೋಡ್ದೆ. ಗ್ಯಾಸು ಅಂತ ಬರೆದಿದ್ರೆ ಹೆದರ್ಕೊತಿದ್ದೆ. ಗಾಳಿ ಅಂತ ಬರೆದಿದ್ಯಲ್ಲ. ಗಾಳಿಗೆ ಯಾರಾದ್ರೂ ಹೆದರ್ತಾರೇನಮ್ಮಾ?” ಎಂದು ಹೇಳಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಸಿಟ್ಟು ಬಂದಿತ್ತು. ಆ ಮಾತಿನ ಮುಂದೆ ಸಿಟ್ಟು ನಿಲ್ಲಲಿಲ್ಲ.

ಮಂಗಳವಾರ ಬೆಳಿಗ್ಗೆ ಕುಣಿಗಲ್ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಕಳವಿನ ದೂರಿನ ವಿಚಾರಣೆಗೆ ವಾರ್ಡಿಗೆ ಬಂದರು. ಸಾಮಾನನ್ನು ತಾನೇ ಕೊಡಲು ಹೇಳಿದ್ದೆ, ಮರೆತು ದೂರು ಕೊಟ್ಟೆ ಎಂದು ಸರ್ ಅವರು ಖಾಕಿ ಬಟ್ಟೆ ಕಂಡೊಡನೆ ಜೋರು ದನಿಯಲ್ಲಿ ಹೇಳಿದರು. ಅಲಮೇಲಮ್ಮನವರು ಮಧ್ಯೆ ಬಂದು, “ಸುಳ್ಳು ಹೇಳ್ತಿದಾರೆ. ಕೊಟ್ಟಿದ್ದು ನಾನು. ಅವರಿಗೆ ಗೊತ್ತೇ ಇರ್ಲಿಲ್ಲ. ಹಾಗಂತಲೇ ಬರ್ಕೊಳಿ” ಎಂದರು. ಆಕೆ ಹೇಳಿದ್ದೇ ನಿಜ. ಚಿಕ್ಕಬೋರಯ್ಯ ಕದ್ದಿಲ್ಲ. ತಿಮ್ಮೇಶ್ ಅವರಿಗೆ ಒಳಗೆ ಏನಿದೆ ಎಂದು ಯಾರೂ ಹೇಳಿರಲಿಲ್ಲ. ಯಾರಿಗೂ ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ ಎಂಬುದು ನನ್ನ ತಿಳಿವಳಿಕೆ.

ಪೊಲೀಸಿನವರು ಹೋದ ಮೇಲೆ ನಡೆದದ್ದನ್ನೂ ಹೇಳುತ್ತೇನೆ. ಸರ್ ಅವರಿಗೆ ತಮ್ಮ ದನಿ ತಮಗೇ ಕೇಳಿಸುತ್ತಿರಲಿಲ್ಲವಾದ್ದರಿಂದ ಕಿರುಚಿದಂತೆ ಮಾತಾಡುತ್ತಿದ್ದರು. ಹೆಂಡತಿಯ ಕಡೆ ತಿರುಗಿ, “ಅಲಮೇಲು, ನಿನಗೆ ಭಯ ಆಗ್ತಿತ್ತಾ?” ಎಂದು ಕೇಳಿದರು. ಆಕೆ ತಲೆ ತಗ್ಗಿಸಿಕೊಂಡೇ ಏನೋ ಹೇಳಿದರು. ನನಗೇ ಕೇಳಿಸಲಿಲ್ಲ. ಸರ್ ಅವರು “ಏನಂದೆ?” ಎಂದರು. ಆಕೆ ಮತ್ತೆ ಹೇಳಿದರು. ಅವರು ಬಲಗಿವಿಗೆ ಕೈ ಅಡ್ಡ ಹಿಡಿದು, “ಏನಂದೆ?” ಎಂದು ಇನ್ನೊಂದು ಸಲ ಕೇಳಿದರು. ಆಗ ಅಲಮೇಲಮ್ಮನವರು ಸ್ಟೂಲಿನಿಂದ ಎದ್ದು, ವಾರ್ಡಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ, “ಆಗ್ತಿತ್ತು ಅಂದೆ! ದಿನಾ ಆಗ್ತಿತ್ತು!” ಎಂದು ಕೂಗಿದರು. ಸರ್ ಅವರು ಈ ಸಲ ಕೇಳಿಸಿತೆಂದು ತಲೆಯಾಡಿಸಿದರು. ಆಕೆಯನ್ನು ಮಂಚದ ಮೇಲೆ, ತಮ್ಮ ಬಲಗಡೆಗೆ ಕೂರಿಸಿಕೊಂಡರು.

ನಾನು ಹೇಳಿದ್ದನ್ನು ಬರೆದುಕೊಂಡು ನನಗೆ ಓದಿ ತಿಳಿಸಿದ್ದಾರೆ. ಎರಡು ಕಡೆ ತಪ್ಪಿದ್ದನ್ನು ತಿದ್ದಿಸಿದ್ದೇನೆ. ಉಳಿದದ್ದು ನಾನು ಹೇಳಿದಂತೆಯೇ ಇದ್ದು, ನನ್ನ ಅರಿವಿನ ಮಟ್ಟಿಗೆ ನಿಜವಾಗಿರುತ್ತದೆ.

ಸ್ಥಳ: ಗುಬ್ಬಿ
ದಿನಾಂಕ: 12-2-2003
ಸಹಿ: ರಂಜನಿ