ಕಂಪನಿ ಬೆಳೆದ ಬೇಸಿಗೆಗಳು

ಒಸಾಕಾದ ಬಸ್ ನಿಲ್ದಾಣದಲ್ಲಿ ಚಿಜುರು ಬೀಸಣಿಗೆ ಆಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಏಸಿ ಕಾರ್ಖಾನೆಯ ಹಳೆಯ ಟೋಪಿ ಹಾಕಿದ್ದ ಮುದುಕನೂ ಅವನ ಹೆಂಡತಿಯೂ ಆಡುತ್ತಿದ್ದ ಮಾತು ಕಿವಿಗೆ ಬಿತ್ತು.

“ಕಂಪನಿಯವರು ಮತ್ತೆ ಕರೆದಿದ್ರು ಕಣೇ. ವಿಯೆಟ್ನಾಮಿನಲ್ಲಿ ಹೊಸ ಕಾರ್ಖಾನೆಯಂತೆ. ಅಲ್ಲಿಯವರಿಗೆ ಬೆಸುಗೆ ಕಲಿಸಬೇಕಂತೆ.”

“ಮತ್ತೆ ಹೊರಟ್ರಾ? ಮಗಳು ಯುಮಿ ಹುಟ್ಟಿದಾಗ ಬೆಲ್ಜಿಯಂ, ಅವಳು ಶಾಲೆಗೆ ಸೇರಿದಾಗ ಥಾಯ್ಲೆಂಡ್. ನಿಮ್ಮ ಕಂಪನಿ ಬೆಳೀತಾ ಹೋಯ್ತು, ನಾನು ಇಲ್ಲಿ ಒಬ್ಬಳೇ ಬೇಸಿಗೆ ಕಳೆದೆ.”

“ಅದಕ್ಕೇ ಆಗಲ್ಲ ಅಂದುಬಿಟ್ಟೆ.”

“ನನ್ನನ್ನ ಒಂದು ಮಾತು ಕೇಳಿದ್ರಾ?”

“ಇಲ್ಲ.”

“ಆಗ ಹೋಗುವಾಗಲೂ ಕೇಳಲಿಲ್ಲ, ಈಗ ಬಿಡುವಾಗಲೂ ಕೇಳಲಿಲ್ಲ.”

ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ. “ಸರಿ, ಈಗ ಕೇಳ್ತೀನಿ. ಏನು ಮಾಡ್ಲಿ?”

“ಫೋನ್ ಮಾಡಿ, ಬರ್ತೀವಿ ಅನ್ನಿ.”

“ಬರ್ತೀವಿ ಅಂದ್ರೆ?”

“ನಾನೂ ಬರ್ತೀನಿ ರೀ. ನಿಮ್ಮನ್ನ ಅಷ್ಟು ವರ್ಷ ಹಿಡಿದಿಟ್ಟುಕೊಂಡಿದ್ದ ಕೆಲಸ ಎಂಥದು ಅಂತ ಒಮ್ಮೆ ನೋಡಬೇಕು.”

ಬಸ್ ಬಂತು. ಮುದುಕ ಹೆಂಡತಿಯ ಚೀಲವನ್ನೂ ತಾನೇ ಎತ್ತಿಕೊಂಡ.

“ಅಲ್ಲಿ ಸೆಕೆ ಜಾಸ್ತಿ ಕಣೇ.”

“ಇರಲಿ ಬಿಡಿ. ನೀವು ಜೊತೆಗಿರ್ತೀರಲ್ಲ,” ಎನ್ನುತ್ತ ಅವಳು ಮೊದಲು ಹತ್ತಿದಳು.